ಕೇಬಲ್ ಉದ್ದವಾದರೆ ಆಂಟೆನಾದ ಇಂಪೆಡೆನ್ಸ್ ಬದಲಾಗುವುದೇಕೆ?

ಪ್ರಶ್ನೆ:
7.1 ಮೆಗಾಹರ್ಟ್ಸ್‌ಗೆಂದು ಕಟ್ಟಿರುವ ಅರ್ಧ ತರಂಗದ ಡೈಪೋಲ್ (ಎರಡು ತಂತಿ ತೋಳುಗಳ) ಆಂಟೆನಾಕ್ಕೆ 21 ಮೀಟರ್ ಉದ್ದದ ಆರ್‌ಜಿ-213 ಕೇಬಲ್ ಜೋಡಿಸಿದ್ದೇನೆ. ಟ್ರಾನ್ಸ್‌ಸೀವರ್ (ರೇಡಿಯೊ ಸಂಕೇತ ಕಳಿಸುವ, ಪಡೆಯುವ ಯಂತ್ರ) ಇರುವ ತುದಿಗೆ, ಇಂಪೆಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಟ್ಟು ತಡೆ; ರೋಧ ಮತ್ತು ರಿಯಾಕ್ಟೆನ್ಸ್ ಅದರ ಎರಡು ಭಾಗಗಳು) ಅಳೆಯುವ ಅನಲೈಸರ್ ಹಾಕಿದರೆ ರೋಧ 32 ಓಮ್, ರಿಯಾಕ್ಟೆನ್ಸ್ +20 ಓಮ್, ಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ; 1 ಎಂದರೆ ಪೂರ್ಣ ಹೊಂದಾಣಿಕೆ) 1.9 ಎಂದು ತೋರಿಸುತ್ತದೆ. ಅದೇ ಕೇಬಲ್‌ನ ಇನ್ನೊಂದು 3 ಮೀಟರ್ ತುಂಡನ್ನು ಸೇರಿಸಿದರೆ ರೋಧ 73, ರಿಯಾಕ್ಟೆನ್ಸ್ +34 ಆಗುತ್ತದೆ. ಎಸ್‌ಡಬ್ಲ್ಯುಆರ್ ಮಾತ್ರ ಕದಲುವುದಿಲ್ಲ. ಡೈಪೋಲ್‌ಗೆ ಪುಸ್ತಕಗಳು ಹೇಳುವುದೂ 73 ಓಮ್ ಆದ್ದರಿಂದ ಎರಡನೆಯ ಅಳತೆಯನ್ನೇ ನಂಬಬಹುದೇ? ಎರಡರಲ್ಲೂ ರಿಯಾಕ್ಟೆನ್ಸ್ ಧನಾತ್ಮಕವಾಗಿರುವುದರಿಂದ ತಂತಿ ಉದ್ದವಾಗಿದೆಯೆಂದು ಭಾವಿಸಿ, ಅದನ್ನು ಕತ್ತರಿಸಬೇಕೆಂದಿದ್ದೇನೆ.

ಉತ್ತರ 1:
ದಯವಿಟ್ಟು ತಂತಿಯನ್ನು ಕತ್ತರಿಸಬೇಡಿ. ನಿಮ್ಮ ಅಳತೆಯ ಪ್ರಕಾರ ಅದು ಈಗಾಗಲೇ ಗಿಡ್ಡವಾಗಿದೆ. ನೀವು ಕಂಡ ಎರಡು ಜೋಡಿ ಅಂಕಿಗಳೂ ಆಯಾ ತುದಿಯಲ್ಲಿ ನಿಜವೇ, ಆದರೆ ಎರಡೂ ಆಂಟೆನಾದವಲ್ಲ. 50 ಓಮ್ ಕೇಬಲ್‌ಗೆ ಹೊಂದದ ಲೋಡನ್ನು (ಇಲ್ಲಿ ಆಂಟೆನಾ) ಜೋಡಿಸಿದಾಗ, ಕೇಬಲ್‌ನ ಉದ್ದಕ್ಕೂ ಇಂಪೆಡೆನ್ಸ್ ಬದಲಾಗುತ್ತ ಸಾಗಿ ಪ್ರತಿ ಅರ್ಧ ತರಂಗಕ್ಕೊಮ್ಮೆ ಮಾತ್ರ ಮೂಲ ಮೌಲ್ಯಕ್ಕೆ ಮರಳುತ್ತದೆ. ಆರ್‌ಜಿ-213ರ ವೇಗಾಂಶ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನೊಳಗೆ ತರಂಗದ ವೇಗ) 0.66 ಆಗಿರುವುದರಿಂದ ಈ ಆವರ್ತನದಲ್ಲಿ ಕೇಬಲ್‌ನೊಳಗಿನ ಅರ್ಧ ತರಂಗ ಸುಮಾರು 13.9 ಮೀಟರ್. ನಿಮ್ಮ 21 ಮೀಟರ್ ಹೆಚ್ಚುಕಡಿಮೆ ಮುಕ್ಕಾಲು ತರಂಗವಾಗುತ್ತದೆ. ಅಷ್ಟು ಉದ್ದದ ಕೇಬಲ್ ಇಂಪೆಡೆನ್ಸನ್ನು ತಲೆಕೆಳಗು ಮಾಡುತ್ತದೆ. 50ರ ವರ್ಗವಾದ 2500ನ್ನು ನಿಮ್ಮ ಮೊದಲ ಅಳತೆಯಿಂದ (ರೋಧ, ರಿಯಾಕ್ಟೆನ್ಸ್ ಎರಡೂ ಸೇರಿದ ಸಂಕೀರ್ಣ ಸಂಖ್ಯೆಯಿಂದ) ಭಾಗಿಸಿದರೆ ಆಂಟೆನಾದ ಬಳಿ ರೋಧ ಸುಮಾರು 56 ಓಮ್, ರಿಯಾಕ್ಟೆನ್ಸ್ ಸುಮಾರು −35 ಓಮ್ ಸಿಗುತ್ತದೆ. ಚಿಹ್ನೆ ಋಣವಾದದ್ದೇ ಇಲ್ಲಿ ಮುಖ್ಯ, ಅಂದರೆ ತಂತಿ ಗಿಡ್ಡವಾಗಿದೆ: ಎರಡು ತೋಳುಗಳಿಗೂ ಸುಮಾರು 20 ಸೆಂಟಿಮೀಟರ್ ತಂತಿ ಸೇರಿಸಿ ಮತ್ತೆ ಅಳೆಯಿರಿ. ಪುಸ್ತಕದ 73 ಓಮ್ ನೆಲದಿಂದ ಬಹುದೂರವಿರುವ ಡೈಪೋಲ್‌ನದು. ನಿಮಗೆ ಅದು ಸಿಕ್ಕಿದ್ದು ಕೇವಲ ಕಾಕತಾಳೀಯ.

ಉತ್ತರ 2:
ಲೆಕ್ಕ ಸರಿಯಾಗಿದೆ. ಆದರೆ ವೇಗಾಂಶ ಕೇಬಲ್‌ನಿಂದ ಕೇಬಲ್‌ಗೆ ತುಸು ವ್ಯತ್ಯಾಸವಾಗುವುದರಿಂದ, ಅನಲೈಸರ್‌ಗೆ ಕ್ಯಾಲಿಬ್ರೇಷನ್ ಸೌಲಭ್ಯವಿದ್ದರೆ ಕೇಬಲ್‌ನ ಮೇಲ್ತುದಿಯಲ್ಲೇ ಓಪನ್, ಶಾರ್ಟ್ ಮತ್ತು 50 ಓಮ್ ಲೋಡ್‌ಗಳನ್ನು ಒಂದಾದ ಮೇಲೊಂದು ಜೋಡಿಸಿ ಕ್ಯಾಲಿಬ್ರೇಟ್ ಮಾಡುವುದು ಉತ್ತಮ. ಆಗ ಕೆಳಗೆ ನಿಂತು ಓದಿದರೂ ಕಾಣುವುದು ಆಂಟೆನಾದ ಇಂಪೆಡೆನ್ಸೇ. ಕೇಬಲ್ ಉದ್ದ ಬದಲಾದರೂ ಎಸ್‌ಡಬ್ಲ್ಯುಆರ್ ಕದಲದಿರುವುದು ಒಳ್ಳೆಯ ಲಕ್ಷಣ. ಕೇಬಲ್‌ನ ಹೊರಮೈಯಲ್ಲಿ ಕರೆಂಟ್ ಹರಿಯುತ್ತಿದ್ದರೆ ಅದೂ ಬದಲಾಗುತ್ತಿತ್ತು.

ಪ್ರಶ್ನೆ ಕೇಳಿದವರು:
ತಂತಿ ಮುಟ್ಟದೆ ಕೆಳತುದಿಯಲ್ಲೇ ಕೆಪಾಸಿಟರ್ ಹಾಕಿ ಹೊಂದಿಸಬಹುದೇ?

ಉತ್ತರ 1:
ಹೊಂದಿಸಬಹುದು. 21 ಮೀಟರ್ ಕೇಬಲ್‌ನ ಕೆಳತುದಿಗೆ ಸರಣಿಯಲ್ಲಿ 0.09 ಮೈಕ್ರೋಹೆನ್ರಿಯ ಸುರುಳಿ, ಟ್ರಾನ್ಸ್‌ಸೀವರ್ ಕಡೆಗೆ ಸಮಾಂತರವಾಗಿ ಸುಮಾರು 336 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೆ 7.1 ಮೆಗಾಹರ್ಟ್ಸ್‌ನಲ್ಲಿ 50 ಓಮ್ ಸಿಗುತ್ತದೆ. ಆದರೆ ಟ್ರಾನ್ಸ್‌ಸೀವರ್‌ಗೆ ಎಲ್ಲವೂ ಸರಿಯಾಗಿ ಕಂಡರೂ ಕೇಬಲ್‌ನ ಮೇಲಿನ ಎಸ್‌ಡಬ್ಲ್ಯುಆರ್ 1.9 ಆಗಿಯೇ ಉಳಿಯುತ್ತದೆ. ಈ ಆವರ್ತನದಲ್ಲಿ ಅದರಿಂದಾಗುವ ನಷ್ಟ ತೀರ ಕಡಿಮೆ. ಆದರೂ ಎರಡು ತುಂಡು ತಂತಿಯಿಂದ ಮುಗಿಯುವ ಕೆಲಸಕ್ಕೆ ನಾನು ಕೆಪಾಸಿಟರ್ ಹಾಕುವುದಿಲ್ಲ.