ಪಹರೆಯವನಿಗೆ ಜೈಲು, ಮೇಲಿನವನಿಗೆ ಪಿಂಚಣಿ: ಇದೇ ನ್ಯಾಯವೇ?

ನಗರದ ಮೇಷ್ಟ್ರು
ಭಾನುವಾರ ಮಕ್ಕಳನ್ನು ಕರೆದುಕೊಂಡು ನಮ್ಮ ನಗರದ ಕೋಟೆ ಹತ್ತಿದ್ದೆ. ಜಡಿಮಳೆ, ಪಾಚಿಗಟ್ಟಿದ ಮೆಟ್ಟಿಲು, ಜಿಗಣೆ. ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಶರಣಾದವರನ್ನು ಹೊಡೆದರೆ ಹೊಡೆದವರಿಗೆ ಶಿಕ್ಷೆ ಇಲ್ಲವೇ?" 1783ರ ಕಥೆ ಹೇಳಿದ್ದೆ, ಅದರ ಫಲ. ಆ ವರ್ಷದ ಆರಂಭದಲ್ಲಿ ಕಂಪನಿ ಸೇನೆಯ ಜನರಲ್ ಮ್ಯಾಥ್ಯೂಸ್ ಬಿದನೂರು, ಅಂದರೆ ಇಂದಿನ ನಮ್ಮ ನಗರ ಎಂಬ ಊರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಇಂಗ್ಲಿಷರು ಕರಾರಿನ ಮೇಲೆ ಶರಣಾದರು. ಖಜಾನೆಯ ಹಣ ಕದ್ದು ಕರಾರು ಮುರಿದರು ಎಂದು ಟಿಪ್ಪು ಅವರನ್ನು ಬೇಡಿ ತೊಡಿಸಿ ನಡೆಸಿದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ವಿಷವಿಕ್ಕಿದರು ಎಂದು ಇಂಗ್ಲಿಷರು ಬರೆದುಕೊಂಡರು. ಅದಕ್ಕೂ ಮೊದಲು ಇದೇ ಮ್ಯಾಥ್ಯೂಸನ ಸೈನ್ಯ ಆನಂದಪುರದಲ್ಲಿ ಕಾವಲು ಪಡೆಯನ್ನು ಕತ್ತರಿಸಿ ಹಾಕಿತ್ತು. ಯಾರೂ ಯಾರಿಗೂ ಲೆಕ್ಕ ಕೊಡಲಿಲ್ಲ.

ಹುಡುಗನಿಗೆ "ಈಗ ಕಾನೂನು ಇದೆ" ಎಂದೆ. ಮನೆಗೆ ಬಂದು ಯೋಚಿಸಿದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು 2004ರಲ್ಲಿ ಹೊರಬಿದ್ದವಲ್ಲ, ಅಲ್ಲಿ ಕೈದಿಗಳಾಗಿದ್ದ ಮೂವರಿಗೆ ಒಟ್ಟು 4.2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಅಮೆರಿಕದ ಜ್ಯೂರಿ ತೀರ್ಪಿತ್ತದ್ದು 2024ರ ನವೆಂಬರಿನಲ್ಲಿ. ಅದೂ ಸೈನ್ಯದ ವಿರುದ್ಧವಲ್ಲ, ವಿಚಾರಣೆಗೆ ಜನ ಒದಗಿಸಿದ ಸಿಎಸಿಐ ಎಂಬ ಗುತ್ತಿಗೆ ಕಂಪನಿಯ ವಿರುದ್ಧ. ಮೂವರಲ್ಲಿ ಒಬ್ಬರು ಶಾಲೆಯ ಮುಖ್ಯೋಪಾಧ್ಯಾಯರು, ಒಬ್ಬರು ಹಣ್ಣಿನ ವ್ಯಾಪಾರಿ, ಇನ್ನೊಬ್ಬರು ಪತ್ರಕರ್ತರು. ತಿಳಿದವರು ಹೇಳಿ, ಆ ಹುಡುಗನಿಗೆ ನಾನು ಏನು ಹೇಳಬೇಕಿತ್ತು?

ತೀರ್ಥಹಳ್ಳಿ ತೋಟದವ
ಮೇಷ್ಟ್ರೇ, ದೂರದ ಇರಾಕ್ ಯಾಕೆ? ಕಾರ್ಗಿಲ್ ನೆನಪಿಲ್ಲವೇ? ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಜೊತೆಗಿದ್ದ ಐವರು ಜವಾನರ ಶವಗಳು 1999ರ ಜೂನ್‌ನಲ್ಲಿ ಯಾವ ಸ್ಥಿತಿಯಲ್ಲಿ ಮರಳಿದವು? ಸೆರೆಹಿಡಿದು ಹಿಂಸಿಸಿದ್ದನ್ನು ಪಾಕಿಸ್ತಾನ ಇಂದಿಗೂ ಒಪ್ಪಿಲ್ಲ. ಅವರ ತಂದೆ ಸುಪ್ರೀಂ ಕೋರ್ಟಿನವರೆಗೂ ಹೋದರು. ಸೆರೆಯಾಳನ್ನು ಹಿಂಸಿಸಬಾರದು ಎನ್ನುವ ಜಿನೀವಾ ಒಪ್ಪಂದ ಆ ಕಡೆಯವರಿಗೆ ಇಲ್ಲದೆ ನಮಗೆ ಮಾತ್ರ ಯಾಕೆ? ಗುಡ್ಡದ ಮೇಲೆ ಹಿಮದಲ್ಲಿ ನಿಂತವನ ಕಷ್ಟ ಇಲ್ಲಿ ಕಷಾಯ ಕುಡಿಯುತ್ತ ಕೂತವರಿಗೆ ಗೊತ್ತಾಗುವುದಿಲ್ಲ.

ಶಿವಮೊಗ್ಗ ವಕೀಲೆ
ಕಾಲಿಯಾ ಅವರ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಇದೆ. ಆದರೆ ಆ ಸಿಟ್ಟಿಗೆ ಆಧಾರ ಯಾವುದು? ಅದೇ ಜಿನೀವಾ. ಅದು ನಮಗೆ ಬೇಡ ಎಂದರೆ ಆ ತಂದೆ ಯಾವ ಕಾಗದ ಹಿಡಿದು ಕೋರ್ಟಿಗೆ ಹೋಗುತ್ತಿದ್ದರು?

ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಅಬು ಗ್ರೈಬ್‌ನಲ್ಲಿ ಹನ್ನೊಂದು ಸೈನಿಕರಿಗೆ ಶಿಕ್ಷೆಯಾಯಿತು. ಚಾರ್ಲ್ಸ್ ಗ್ರೇನರ್‌ಗೆ ಹತ್ತು ವರ್ಷ (ಆರೂವರೆ ವರ್ಷಕ್ಕೆ ಹೊರಬಂದ), ಐವನ್ ಫ್ರೆಡರಿಕ್‌ಗೆ ಎಂಟು, ಲಿಂಡಿ ಇಂಗ್ಲೆಂಡ್‌ಗೆ ಮೂರು. ಜೈಲುಗಳ ಹೊಣೆ ಹೊತ್ತಿದ್ದ ಬ್ರಿಗೇಡಿಯರ್ ಜನರಲ್ ಜಾನಿಸ್ ಕಾರ್ಪಿನ್‌ಸ್ಕಿ ಅವರಿಗೆ ಕರ್ನಲ್ ಹುದ್ದೆಗೆ ಹಿಂಬಡ್ತಿ, ಅಷ್ಟೇ. ಕೋರ್ಟ್ ಮಾರ್ಷಲ್ ಎದುರಿಸಿದ ಒಬ್ಬನೇ ಒಬ್ಬ ಅಧಿಕಾರಿಯ ಮೇಲೆ ಹಿಂಸೆಯ ಆರೋಪ ನಿಲ್ಲಲಿಲ್ಲ. ಅಂದರೆ ಶಿಕ್ಷೆ ಬಿದ್ದದ್ದು ಫೋಟೋದಲ್ಲಿ ಮುಖ ಕಂಡವರಿಗೆ.

ಬ್ರಿಟಿಷರ ಪ್ರಕರಣ ಇನ್ನೂ ಕೆಟ್ಟದ್ದು ಎಂದು ನನ್ನ ಅಭಿಪ್ರಾಯ. ಬಾಹಾ ಮೂಸಾ ಎಂಬ ಇಪ್ಪತ್ತಾರರ ಯುವಕ, ಬಸ್ರಾದ ಹೋಟೆಲೊಂದರ ಸ್ವಾಗತಕಾರ, 2003ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನಿಕರ ವಶದಲ್ಲಿ ಸತ್ತ. ಮೈಮೇಲೆ 93 ಗಾಯ. ಏಳು ಮಂದಿಯ ವಿಚಾರಣೆಯಾಯಿತು. ತಪ್ಪೊಪ್ಪಿಕೊಂಡ ಒಬ್ಬ ಕಾರ್ಪೊರಲ್‌ಗೆ ಒಂದು ವರ್ಷ ಜೈಲು. ಕರ್ನಲ್ ಸೇರಿ ಉಳಿದವರೆಲ್ಲ ಪಾರು. 2011ರ ತನಿಖಾ ವರದಿ ಬಯಲಿಗೆಳೆದದ್ದನ್ನು ಕೇಳಿ: ಕೈದಿಯ ತಲೆಗೆ ಚೀಲ ಹಾಕುವುದು, ನೋವಾಗುವ ಭಂಗಿಯಲ್ಲಿ ನಿಲ್ಲಿಸುವುದು, ನಿದ್ದೆಗೆಡಿಸುವುದು ಇವನ್ನು ಬ್ರಿಟಿಷ್ ಸರ್ಕಾರ 1972ರಲ್ಲೇ ನಿಷೇಧಿಸಿತ್ತು. ಮೂವತ್ತು ವರ್ಷದಲ್ಲಿ ಆ ನಿಷೇಧ ಸೈನ್ಯಕ್ಕೇ ಮರೆತುಹೋಗಿತ್ತು.

ಸಾಗರದ ಹವಾಲ್ದಾರ್ (ನಿವೃತ್ತ)
ಓದುತ್ತಿದ್ದೇನೆ. ವಕೀಲರು ಹೇಳಿದ ಕಾರ್ಪೊರಲ್‌ನ ಬಗ್ಗೆ ಒಂದು ಮಾತು. ತಪ್ಪು ಅವನದೇ. ಆದರೆ ಅವನಿಗೆ ಕಲಿಸಿದವರು ಯಾರು, ನೋಡಿಯೂ ಸುಮ್ಮನಿದ್ದವರು ಎಷ್ಟು ಜನ? ಸೈನ್ಯದಲ್ಲಿ ಬೂಟಿನ ಲೇಸು ಬಿಚ್ಚಿದ್ದರೂ ಸುಬೇದಾರ್ ಸಾಹೇಬರಿಗೆ ಕಾಣುತ್ತದೆ. ಎರಡು ರಾತ್ರಿ ಒಂದು ಕೋಣೆಯಿಂದ ಕೂಗು ಬಂದರೆ ಕಾಣುವುದಿಲ್ಲವೇ?

ತೀರ್ಥಹಳ್ಳಿ ತೋಟದವ
ಹಾಗೆಂದು ಹೇಳದ ಆದೇಶಕ್ಕೆ ಮೇಲಿನವನನ್ನು ಹಿಡಿದರೆ ನಾಳೆ ಯಾರೂ ಅಧಿಕಾರಿಯಾಗಲು ಒಪ್ಪುವುದಿಲ್ಲ. "ಹೊಡಿ" ಎಂದು ಬರೆದುಕೊಟ್ಟ ಕಾಗದ ಇದ್ದರೆ ತೋರಿಸಲಿ, ಶಿಕ್ಷೆ ಕೊಡಲಿ.

ಶಿವಮೊಗ್ಗ ವಕೀಲೆ
ತೋಟದವರೇ, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ನಿಮ್ಮ ತೋಟದಲ್ಲಿ ಇಂದು ಕೊಯ್ಯಲು ಬಂದಿರುವುದು ಎಂಬತ್ತು ಅಡಿಕೆ ಕೊನೆ ಎಂದು ನಿಮಗೆ ಗೊತ್ತು. ಕೊನೆಗಾರನಿಗೆ "ಸಂಜೆಯೊಳಗೆ ನೂರು ಕೊನೆ ಅಂಗಳದಲ್ಲಿ ಬಿದ್ದಿರಬೇಕು" ಎಂದು ಹೇಳಿ ಒಳಗೆ ಹೋಗಿ ಮಲಗುತ್ತೀರಿ. ಸಂಜೆ ನೂರು ಇವೆ. ಪಕ್ಕದ ತೋಟದವನು ಬಾಗಿಲಿಗೆ ಬಂದಾಗ "ಕದ್ದು ತಾ ಎಂದು ನಾನೆಲ್ಲಿ ಹೇಳಿದೆ" ಎನ್ನುತ್ತೀರಾ?

ಜಪಾನಿನ ಜನರಲ್ ಯಮಾಶಿತನನ್ನು 1946ರಲ್ಲಿ ಗಲ್ಲಿಗೇರಿಸಿದ್ದು ಇದೇ ಆಧಾರದ ಮೇಲೆ: ಆದೇಶ ಕೊಟ್ಟದ್ದಕ್ಕಲ್ಲ, ತನ್ನ ಸೈನಿಕರ ಕ್ರೌರ್ಯವನ್ನು ತಡೆಯದೆ ಇದ್ದದ್ದಕ್ಕೆ. ಗೆದ್ದವರು ಸೋತವನಿಗೆ ಹಾಕಿದ ಅಳತೆ ಅದು, ತಮಗೆ ಹಾಕಿಕೊಳ್ಳಲಿಲ್ಲ ಎಂಬ ಆಕ್ಷೇಪ ಆಗಲೂ ಇತ್ತು, ಸರಿಯಾದ ಆಕ್ಷೇಪವೇ.

ನಮ್ಮ ದೇಶದ ಮಾತು: 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಸೆರೆಯಾಳನ್ನು ಕೊಂದರೆ ಮರಣದಂಡನೆ ಅಥವಾ ಜೀವಾವಧಿ, ಬೇರೆ ಗಂಭೀರ ಉಲ್ಲಂಘನೆಗೆ ಹದಿನಾಲ್ಕು ವರ್ಷದವರೆಗೆ ಸಜೆ. ಆದರೆ ದೂರು ಕೊಡಬೇಕಾದದ್ದು ಸರ್ಕಾರವೇ. ನೊಂದವನು ನೇರವಾಗಿ ಹೋದರೆ ನ್ಯಾಯಾಲಯ ಕೇಳುವಂತಿಲ್ಲ. ಮನೆಯ ಯಜಮಾನನ ಮೇಲೆ ಯಜಮಾನನೇ ದೂರು ಕೊಡಬೇಕು! ಇನ್ನು 1950ರ ಸೇನಾ ಕಾಯ್ದೆ ಮೇಲಧಿಕಾರಿಯ ಆಜ್ಞೆ ಮೀರಿದರೆ ಶಿಕ್ಷೆ ಎನ್ನುವಾಗ "ಕಾನೂನುಬದ್ಧ" ಆಜ್ಞೆ ಎಂದೇ ಹೇಳುತ್ತದೆ. ಆ ಒಂದು ಪದದ ಮೇಲೆ ಜವಾನ ನಿಲ್ಲಬಹುದು, ಧೈರ್ಯ ಇದ್ದರೆ.

ಈಸೂರಿನ ಮೊಮ್ಮಗಳು
ಧೈರ್ಯ ಎಂದಿರಿ, ನಮ್ಮೂರಿನ ಮಾತು ಬಂತು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ನಮ್ಮ ಈಸೂರು ಸ್ವತಂತ್ರ ಎಂದು ಸಾರಿಕೊಂಡದ್ದು ಎಲ್ಲರಿಗೂ ಗೊತ್ತು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಐವರನ್ನು ನೇಣಿಗೇರಿಸಿದರು. ಆ ಐವರ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಗಂಡಸರು ಕಾಡು ಸೇರಿದ ಮೇಲೆ ಊರಿಗೆ ನುಗ್ಗಿದವರು ಕಣಜದ ಭತ್ತವನ್ನು ಅಂಗಳಕ್ಕೆ ಸುರಿದು ತುಳಿದರು ಎಂದು ಅಜ್ಜಿ ಹೇಳುತ್ತಿದ್ದರು. ಹಾಗೆ ತುಳಿದವರ ಹೆಸರು ಒಂದನ್ನೂ ನಾನು ಎಲ್ಲಿಯೂ ಓದಿಲ್ಲ.

ನಗರದ ಮೇಷ್ಟ್ರು
ತಂಗಿ, ಇದನ್ನು ಹುಡುಗರಿಗೆ ಹೇಳುತ್ತೇನೆ. ಹವಾಲ್ದಾರರೇ, ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಕಣ್ಣೆದುರು ಆಗಿದೆಯೇ?

ಸಾಗರದ ಹವಾಲ್ದಾರ್ (ನಿವೃತ್ತ)
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. 1971ರ ಯುದ್ಧದ ನಂತರ 93 ಸಾವಿರ ಜನ ನಮ್ಮ ಸೆರೆಯಲ್ಲಿದ್ದರು. ನಮ್ಮ ದೊಡ್ಡಪ್ಪ ಅಂಥ ಒಂದು ಶಿಬಿರದಲ್ಲಿ ಕಾವಲಿದ್ದರು. ಕೈದಿಗೆ ಒಂದು ಏಟು ಕೊಟ್ಟ ಸಿಪಾಯಿಯನ್ನು ಕಮಾಂಡರ್ ಎಲ್ಲರ ಎದುರು ನಿಲ್ಲಿಸಿ ಶಿಕ್ಷಿಸಿದ ಮೇಲೆ ಆ ಶಿಬಿರದಲ್ಲಿ ಇನ್ನೊಂದು ಕೈ ಏಳಲಿಲ್ಲವಂತೆ. ಮೇಲಿನವನು ಮನಸ್ಸು ಮಾಡಿದರೆ ಅಷ್ಟು ಸುಲಭ.

ನನ್ನದು ಬೇರೆ. ಎಲ್ಲಿ, ಯಾವ ವರ್ಷ ಎಂದು ಹೇಳುವುದಿಲ್ಲ. ರಾತ್ರಿ ಒಬ್ಬ ಹುಡುಗನನ್ನು ತಂದರು. ಗೋಣಿದಾರದಲ್ಲಿ ಕೈ ಕಟ್ಟಿದ್ದರು, ದಾರ ಮಣಿಕಟ್ಟಿನಲ್ಲಿ ಇಳಿದಿತ್ತು. ಸಾಹೇಬರು ನಮ್ಮ ಮುಖ ನೋಡದೆ, ಗಡಿಯಾರ ನೋಡಿ ಹೇಳಿದ್ದು ಒಂದೇ ಮಾತು: "ಬೆಳಗಾಗುವುದರೊಳಗೆ ಇವನು ಮಾತಾಡಿರಬೇಕು." ಹೊರಟುಹೋದರು. ನಾನು ಹೊಡೆಯಲಿಲ್ಲ. ಹೊಡೆದವರಿಗೆ ಚಹಾ ಕಾಯಿಸಿದೆ. ಸ್ಟೋವಿನ ಸದ್ದು ಜೋರಾಗಲಿ ಎಂದು ಎರಡೆರಡು ಸಲ ಪಂಪು ಹೊಡೆದೆ. ಹುಡುಗ ಸಾಯಲಿಲ್ಲ. ಆಮೇಲೆ ವಿಚಾರಣೆಯೂ ಆಗಲಿಲ್ಲ.

ತೋಟದವರೇ, ನೀವು ಕೇಳಿದ ಕಾಗದ ಇಲ್ಲ. ಎಲ್ಲಿಯೂ ಇರುವುದಿಲ್ಲ.

ಶಿವಮೊಗ್ಗ ವಕೀಲೆ
ಪಹರೆಯ ಪುಸ್ತಕ ಇರುತ್ತದಲ್ಲ, ಅದರಲ್ಲಿ ಏನೆಂದು ದಾಖಲಾಯಿತು?

ಸಾಗರದ ಹವಾಲ್ದಾರ್ (ನಿವೃತ್ತ)
"ರಾತ್ರಿ ಎರಡರಿಂದ ನಾಲ್ಕು, ಎಲ್ಲವೂ ಸರಿಯಿದೆ." ಬರೆದವನು ನಾನೇ, ಕೆಳಗೆ ನನ್ನ ಸಹಿ.

ತೀರ್ಥಹಳ್ಳಿ ತೋಟದವ
ಹವಾಲ್ದಾರಣ್ಣ, ಕಷಾಯದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕಾಗದದ ಮಾತನ್ನೂ. ಕಾಲಿಯಾ ಬಗ್ಗೆ ಬರೆದದ್ದನ್ನು ಮಾತ್ರ ತೆಗೆಯುವುದಿಲ್ಲ. ಮಳೆ ಸ್ವಲ್ಪ ಬಿಟ್ಟಿದೆ, ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ರಾತ್ರಿ ಮತ್ತೆ ಬರುತ್ತೇನೆ.