ಭಜನಾ ಮಂದಿರಕ್ಕೆ ರ‍್ಯಾಕ್ ಆಂಪ್ಲಿಫೈಯರ್: ಬ್ರಿಡ್ಜ್ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಅಣ್ಣ. ನಮ್ಮದು ಮಲ್ಪೆ ಹತ್ತಿರದ ಒಂದು ಭಜನಾ ಮಂದಿರ. ಏಕಾಹ ಭಜನೆ ಹತ್ತಿರ ಬಂತು. ಎರಡು ಚಾನೆಲ್‌ನ ರ‍್ಯಾಕ್ ಆಂಪ್ಲಿಫೈಯರ್ ತಂದಿದ್ದೇವೆ. ಹಿಂದೆ ಬರೆದಿರುವುದು ಹೀಗೆ: ಒಂದು ಚಾನೆಲ್‌ಗೆ 8 ಓಮ್‌ನಲ್ಲಿ 350 ವ್ಯಾಟ್, 4 ಓಮ್‌ನಲ್ಲಿ 500 ವ್ಯಾಟ್. ಬ್ರಿಡ್ಜ್ ಮಾಡಿದರೆ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದಾಗಿಸಿದರೆ, 8 ಓಮ್‌ನಲ್ಲಿ 1000 ವ್ಯಾಟ್. ಸ್ಪೀಕರ್ ನಾಲ್ಕು, ಎಲ್ಲವೂ 8 ಓಮ್. ಒಳಗೆ ಎರಡು, ಅಂಗಳದ ಚಪ್ಪರಕ್ಕೆ ಎರಡು. ಬ್ರಿಡ್ಜ್ ಮಾಡಿ ನಾಲ್ಕನ್ನೂ ಒಟ್ಟಿಗೆ ಕೊಟ್ಟರೆ ಸೌಂಡ್ ಜಾಸ್ತಿ ಬರುತ್ತದೆ ಅಂತ ಹುಡುಗರು ಹೇಳುತ್ತಾರೆ. ಹೌದಾ? ಆಂಪ್ಲಿಫೈಯರನ್ನು ಮರದ ಕಪಾಟಿನಲ್ಲಿಟ್ಟು ಬಾಗಿಲು ಹಾಕುವ ಯೋಚನೆ ಉಂಟು.

ಉತ್ತರ: ಬೇಡ ಮಾರಾಯ್ರೇ, ಎರಡೂ ಬೇಡ.

ಮೊದಲು ಓಮ್ ಲೆಕ್ಕ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಅದು ಕಮ್ಮಿಯಾದಷ್ಟು ಆಂಪ್ಲಿಫೈಯರ್ ಮೇಲೆ ಭಾರ ಜಾಸ್ತಿ. 8 ಓಮ್‌ನ ಎರಡು ಸ್ಪೀಕರ್ ಪ್ಯಾರಲಲ್ ಆದರೆ, ಅಂದರೆ ಪ್ಲಸ್ ಎಲ್ಲ ಒಟ್ಟಿಗೆ, ಮೈನಸ್ ಎಲ್ಲ ಒಟ್ಟಿಗೆ ಜೋಡಿಸಿದರೆ, 4 ಓಮ್. ನಾಲ್ಕು ಸೇರಿದರೆ 2 ಓಮ್. ನಿಮ್ಮ ಆಂಪ್ಲಿಫೈಯರ್ ಬ್ರಿಡ್ಜ್‌ನಲ್ಲಿ 8 ಓಮ್‌ಗಿಂತ ಕೆಳಗೆ ಇಳಿಯಬಾರದು. ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್‌ಗೆ ಕಾಣುವುದು ಜೋಡಿಸಿದ ಒಟ್ಟು ಓಮ್‌ನ ಅರ್ಧ ಮಾತ್ರ. ಅಂದರೆ ಹುಡುಗರ ಲೆಕ್ಕದಲ್ಲಿ ಒಂದೊಂದು ಚಾನೆಲ್‌ನ ಮೇಲೆ 1 ಓಮ್ ಬೀಳುತ್ತದೆ. ಅದು ಹೆಚ್ಚುಕಮ್ಮಿ ಶಾರ್ಟ್ ಆದ ಹಾಗೆಯೇ. ಪುಣ್ಯ ಇದ್ದರೆ ಪ್ರೊಟೆಕ್ಟ್ ದೀಪ ಹತ್ತಿ ನಿಲ್ಲುತ್ತದೆ. ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ, ಕೆಲವೊಮ್ಮೆ ಸ್ಪೀಕರನ್ನೂ ಜೊತೆಗೆ ಕರೆದುಕೊಂಡು.

ಇನ್ನೊಂದು ಮಾತು. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್. ಕಿವಿಗೆ ಅದು "ಸ್ವಲ್ಪ ಜಾಸ್ತಿ" ಅಷ್ಟೇ. ಕೇಳುವವರಿಗೆ ದುಪ್ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದಕ್ಕಿಂತ ಸ್ಪೀಕರನ್ನು ಜನರ ತಲೆಗಿಂತ ಮೇಲೆ ಎತ್ತಿ, ಅವರ ಕಡೆ ತಿರುಗಿಸಿ. ಬ್ರಿಡ್ಜ್‌ಗಿಂತ ಹೆಚ್ಚು ಪ್ರಯೋಜನ ಆಗುತ್ತದೆ, ಖರ್ಚೂ ಇಲ್ಲ.

ಒಳಗಿನ ಎರಡು ಸ್ಪೀಕರ್ ಎ ಚಾನೆಲ್‌ಗೆ, ಅಂಗಳದ ಎರಡು ಬಿ ಚಾನೆಲ್‌ಗೆ ಕೊಡಿ. ಎರಡೂ ಕಡೆ 4 ಓಮ್, ಆಂಪ್ಲಿಫೈಯರ್ ಆರಾಮಾಗಿ ಎಳೆಯುತ್ತದೆ. ಹಿಂದಿನ ಮೋಡ್ ಸ್ವಿಚ್‌ನಲ್ಲಿ ಪ್ಯಾರಲಲ್ (ಒಂದೇ ಸಿಗ್ನಲ್ ಎರಡೂ ಚಾನೆಲ್‌ಗೆ) ಅಂತ ಇದ್ದರೆ ಮಿಕ್ಸರ್‌ನಿಂದ ಒಂದೇ ಕೇಬಲ್ ಸಾಕು. ರಾತ್ರಿ ಅಂಗಳದ್ದನ್ನು ಮಾತ್ರ ಕಮ್ಮಿ ಮಾಡಬಹುದು. 24 ಗಂಟೆಯ ಭಜನೆ, ಅಕ್ಕಪಕ್ಕದವರು ಮಲಗಬೇಕಲ್ವಾ? ಹತ್ತು ಗಂಟೆಯ ನಂತರ ಹೊರಗಿನದಕ್ಕೆ ಕಾನೂನೂ ಉಂಟು.

ವಯರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಅಂಗಳಕ್ಕೆ 30 ಮೀಟರ್ ಅಂತಿಟ್ಟುಕೊಳ್ಳಿ, ಹೋಗಿಬರುವುದು 60 ಮೀಟರ್. 1 ಸ್ಕ್ವೇರ್ ಎಂಎಂ ವಯರಾದರೆ ಅದರದ್ದೇ 1 ಓಮ್ ಮೀರುತ್ತದೆ. 4 ಓಮ್ ಲೋಡ್‌ನಲ್ಲಿ ಐದನೇ ಒಂದು ಪಾಲು ಪವರ್ ವಯರ್ ಬಿಸಿ ಮಾಡಲಿಕ್ಕೇ ಹೋಯಿತು. 2.5 ಸ್ಕ್ವೇರ್ ಎಂಎಂ ಹಾಕಿದರೆ ಅರ್ಧ ಓಮ್‌ನ ಒಳಗೆ ಮುಗಿಯುತ್ತದೆ. ತುದಿಗೆ ಸ್ಪೀಕಾನ್ (ತಿರುಗಿಸಿ ಲಾಕ್ ಮಾಡುವ ಸ್ಪೀಕರ್ ಕನೆಕ್ಟರ್) ಹಾಕಿಸಿ. ನಮ್ಮ ಕಡಲಗಾಳಿಗೆ ಬಿಚ್ಚಿಟ್ಟ ತಾಮ್ರ ಒಂದೇ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತದೆ. ಹಳೆ ವಯರಾದರೆ ಹಸಿರಾದ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಬಂದ ಮೇಲೆ ಜೋಡಿಸಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಒಂದು ಸ್ಪೀಕರ್ ಉಲ್ಟಾ ಆದರೂ ತಬಲಾದ ಡಗ್ಗ ಸಪ್ಪೆಯಾಗುತ್ತದೆ.

ಕಪಾಟಿನ ಬಾಗಿಲು ಹಾಕಿದರೆ ಮಧ್ಯರಾತ್ರಿಯೊಳಗೆ ಬಿಸಿಯಾಗಿ ಕಟ್ ಆಗಬಹುದು. 19 ಇಂಚಿನ ತೆರೆದ ರ‍್ಯಾಕ್ ತನ್ನಿ. ಪೆಟ್ಟಿಗೆಯ ಎತ್ತರ ಯು ಲೆಕ್ಕದಲ್ಲಿ ಹೇಳುತ್ತಾರೆ, 1 ಯು ಅಂದರೆ 44.45 ಮಿಲಿಮೀಟರ್, ನಿಮ್ಮದು 2 ಯು ಇರಬಹುದು. ಭಾರದ ಪೆಟ್ಟಿಗೆ ಕೆಳಗೆ ಇರಲಿ. ಮುಂದಿನ ನಾಲ್ಕು ಸ್ಕ್ರೂ ನಂಬಿ ತೂಗು ಹಾಕಬೇಡಿ, ಹಿಂದೆಯೂ ಆಧಾರ ಬೇಕು. ಫ್ಯಾನ್ ಯಾವ ಕಡೆಯಿಂದ ಗಾಳಿ ಎಳೆಯುತ್ತದೆ, ಯಾವ ಕಡೆ ಬಿಡುತ್ತದೆ ಅಂತ ಊದುಬತ್ತಿ ಹಿಡಿದು ನೋಡಿ, ಮಂದಿರದಲ್ಲಿ ಅದಕ್ಕೇನು ಬರವಿಲ್ಲ. ಆ ಎರಡೂ ಕಡೆ ಗೋಡೆ, ಪರದೆ ತಾಗಬಾರದು.

ಮರುಪ್ರಶ್ನೆ: ಒಪ್ಪಿದೆ ಅಣ್ಣ. ಮಿಕ್ಸರ್ ಜೋಡಿಸಿ ನೋಡಿದೆವು, "ಗುಂಯ್" ಅಂತ ಹಮ್ ಬರುತ್ತದೆ. ಆಂಪ್ಲಿಫೈಯರ್ ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ನಿಲ್ಲುತ್ತದೆ. ಹಾಗೇ ಬಿಡಬಹುದಾ?

ಉತ್ತರ: ಖಂಡಿತ ಬೇಡ! ಈಗಲೇ ಪಿನ್ ವಾಪಸ್ ಹಾಕಿ, ಆಮೇಲೆ ಓದಿ. ಒಳಗೆ ಎಲ್ಲಾದರೂ ಲೀಕ್ ಆದರೆ ಆ 230 ವೋಲ್ಟ್ ಪೆಟ್ಟಿಗೆಯ ಮೈಗೆ ಬರುತ್ತದೆ. ಅಲ್ಲಿಂದ ಕೇಬಲ್ ಹಿಡಿದು ಹಾಡುವವರ ಮೈಕ್‌ವರೆಗೂ ಹೋಗಬಹುದು.

ಮಿಕ್ಸರ್‌ಗೆ ಎಲ್ಲಿಂದ ಕರೆಂಟ್ ತೆಗೆದಿದ್ದೀರಿ? ದೇವರ ದೀಪದ ಬೋರ್ಡಿನಿಂದಲೇ ಇರಬೇಕು. ಆಂಪ್ಲಿಫೈಯರ್ ಇನ್ನೊಂದು ಕೋಣೆಯಿಂದ. ಎರಡು ದಾರಿಯಲ್ಲಿ ಅರ್ಥ್ ಸಿಕ್ಕಿ ಒಂದು ಸುತ್ತು ಆಗುತ್ತದೆ, ಹಮ್ ಅದರದ್ದೇ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಮಧ್ಯದ ಕೇಬಲ್ ಎಕ್ಸ್‌ಎಲ್‌ಆರ್ (ಮೂರು ಪಿನ್‌ನದ್ದು) ಬ್ಯಾಲೆನ್ಸ್‌ಡ್ ಆಗಿರಲಿ: ಪಿನ್ 1 ಶೀಲ್ಡ್, 2 ಪ್ಲಸ್, 3 ಮೈನಸ್. ಆದರೂ ಹೋಗದಿದ್ದರೆ ಮಧ್ಯೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಅಳೆಯಲಿ. ಮಣ್ಣು ಒಣಗಿದಾಗ ಅರ್ಥ್ ದುರ್ಬಲವಾಗುತ್ತದೆ. ಏಪ್ರಿಲ್, ಮೇಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವವರೇ ಇರುವುದಿಲ್ಲ.

ಇನ್ನೊಬ್ಬರು: ಆನ್ ಮಾಡುವಾಗ "ಧಡ್" ಅನ್ನುವುದು ಯಾಕೆ?

ಉತ್ತರ: ಆಂಪ್ಲಿಫೈಯರ್ ಆನ್ ಇರುವಾಗ ಮಿಕ್ಸರ್ ಆನ್ ಮಾಡಿದರೆ ಅದರ ಹೊಡೆತ ಸ್ಪೀಕರ್‌ಗೆ ಹೋಗುತ್ತದೆ. ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ ಆನ್ ಮಾಡಿ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಮುಂದಿನ ವಾಲ್ಯೂಮ್ ಗುಬ್ಬಿ ಸೊನ್ನೆಯಿಂದ ನಿಧಾನ ಏರಿಸಿ. ಕ್ಲಿಪ್ ದೀಪ (ಸೌಂಡ್ ಮಿತಿ ಮೀರಿ ಒಡೆಯುತ್ತಿದೆ ಅನ್ನುವ ಸೂಚನೆ) ಆಗಾಗ ಹತ್ತಿದರೆ ಸ್ವಲ್ಪ ಇಳಿಸಿ. ಸುಮ್ನೆ ಹಾಗೇ ಬಿಟ್ಟರೆ ಮೊದಲು ಸುಡುವುದು ಟ್ವೀಟರ್, ಅಂದರೆ ಸ್ಪೀಕರ್‌ನೊಳಗೆ ತೀಕ್ಷ್ಣ ಸ್ವರ ಕೊಡುವ ಚಿಕ್ಕ ಭಾಗ.

ಮರುಪ್ರಶ್ನೆ: ಗುಡುಗು ಬಂದರೆ ಸ್ವಿಚ್ ಆಫ್ ಮಾಡಿದರೆ ಸಾಕಾ?

ಉತ್ತರ: ಸಾಲದು. ಗುಡುಗು ದೂರ ಇರುವಾಗಲೇ ಪ್ಲಗ್ ಕೀಳಿ. ಅಂಗಳಕ್ಕೆ ಹೋದ ಸ್ಪೀಕರ್ ವಯರನ್ನೂ ಆಂಪ್ಲಿಫೈಯರ್ ಹಿಂದಿನಿಂದ ತೆಗೆದಿಡಿ, ಮಿಂಚಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ. ತಲೆಯ ಮೇಲೆಯೇ ಗುಡುಗುತ್ತಿದ್ದರೆ ವಯರ್ ಮುಟ್ಟಲು ಹೋಗಬೇಡಿ. ಭಜನೆ ಮೈಕ್ ಇಲ್ಲದೆಯೂ ನಡೆಯುತ್ತದೆ.