ಸಹಾಯ ಬೇಕು: ಹಳೇ ಪಿಕಪ್, ಮುಂದಿನ ಎಡಗಡೆ ಬ್ರೇಕ್ ಬಿಡ್ತಾನೇ ಇಲ್ಲ

ಎಲ್ರಿಗೂ ನಮಸ್ಕಾರ, ಹತ್ತು ಕಿಲೋಮೀಟರ್ ಓಡಿಸಿದ್ರೆ ಸಾಕು ಆ ಚಕ್ರ ಕೈ ಇಡಕ್ಕಾಗದಷ್ಟು ಬಿಸಿ, ಸುಟ್ಟ ವಾಸನೆ ಬೇರೆ, ಗಾಡಿನೂ ಎಡಕ್ಕೇ ಎಳಿಯತ್ತೆ. ಬ್ರೇಕ್ ಪ್ಯಾಡು, ಅದನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಎರಡೂ ಹೊಸದು ಹಾಕ್ದೆ, ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ನಿಗೆ ಗ್ರೀಸ್ ಹಚ್ದೆ, ಎರಡು ದಿನ ಸರಿ ಇದ್ದು ಮತ್ತೆ ಅದೇ ಕಥೆ. ನಿನ್ನೆ ಸ್ಟ್ಯಾಂಡ್ ಮೇಲೆ ನಿಲ್ಸಿ ಪೆಡಲ್ ಒತ್ತಿ ಬಿಟ್ಟು ನೋಡಿದ್ರೆ ಚಕ್ರ ತಿರುಗ್ಲೇ ಇಲ್ಲ, ಕ್ಯಾಲಿಪರಿಂದ ಆಯಿಲ್ ಹೊರಗೆ ಬಿಡೋ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿದ ತಕ್ಷಣ ಬ್ರೇಕ್ ಆಯಿಲ್ ಚಿಮ್ಮಿ ಫ್ರೀ ಆಯ್ತು. ಅಂದ್ರೆ ಪ್ರೆಷರ್ ಒಳಗೇ ಉಳ್ಕೊಳ್ತಿದೆ ಅಲ್ವಾ? ಬಲಗಡೆ ಏನೂ ತೊಂದ್ರೆ ಇಲ್ಲ, ಅದಕ್ಕೇ ಪೆಡಲ್ ಒತ್ತಿದಾಗ ಪ್ರೆಷರ್ ಕೊಡೋ ಮಾಸ್ಟರ್ ಸಿಲಿಂಡರ್‌ಗಿಂತ ಕ್ಯಾಲಿಪರಿಗೆ ಆಯಿಲ್ ಒಯ್ಯೋ ರಬ್ಬರ್ ಹೋಸ್ ಮೇಲೇ ನನಗೆ ಅನುಮಾನ, ಹೊರಗಿಂದ ಚೆನ್ನಾಗೇ ಕಾಣತ್ತೆ ಆದ್ರೆ ಒಳಗೆ ಊದ್ಕೊಂಡು ಆಯಿಲ್ ವಾಪಸ್ ಹೋಗೋದನ್ನ ತಡೀತಿರಬಹುದು. ಎರಡೂ ಕಡೆ ಹೋಸ್ ಒಟ್ಟಿಗೆ ಬದಲಾಯಿಸ್ಲಾ? ಗೊತ್ತಿರೋರು ದಯವಿಟ್ಟು ಹೇಳಿ, ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ, ಭಯ ಆಗ್ತಿದೆ.